ಉಸಿರೂ ಬೇಕು, ಸೂಜಿಯೂ ಬೇಕು!

ಹಲ್ಲು ಕೀಳಿಸಲು ಹೋದವನಿಗೆ ಮರಗಟ್ಟುವ ಇಂಜೆಕ್ಷನ್ ಕೊಡದೆ ಡಾಕ್ಟರು ಇಕ್ಕಳ ಹಾಕಿದರೆ ನಾವು ಸುಮ್ಮನಿರುತ್ತೇವೆಯೇ? ಊರಿಡೀ ಹೇಳಿಕೊಂಡು ಬರುತ್ತೇವೆ. ಆದರೆ ಹತ್ತು ಹದಿನೈದು ಗಂಟೆ ಹೆರಿಗೆ ಬೇನೆ ತಿನ್ನುವ ಹುಡುಗಿ "ನೋವು ಕಡಿಮೆಯಾಗಲು ಏನಾದರೂ ಕೊಡಿ" ಎಂದು ಕೇಳಿದರೆ ಮಾತ್ರ ಎಲ್ಲರಿಗೂ ಒಮ್ಮೆಲೇ ಪ್ರಕೃತಿ, ಸಂಸ್ಕೃತಿ, ತಾಯ್ತನ ನೆನಪಾಗುತ್ತದೆ. ಯಾಕೆ ಸ್ವಾಮೀ?

ನಾನು ಡಾಕ್ಟರಲ್ಲ. ಟಿ.ಸಿ.ಎಚ್. ಮುಗಿಸಿ, ಆಮೇಲೆ ಬಿ.ಎ. ಮಾಡಿಕೊಂಡು, ಕಾಸರಗೋಡಿನ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವವಳು. ನನ್ನ ಕೈಯಲ್ಲಿ ಅಕ್ಷರ ಕಲಿತ ಹುಡುಗಿಯರು ಈಗ ಬಸುರಿಯರಾಗಿ ಎದುರು ಸಿಗುತ್ತಾರೆ. ಅವರ ಮೊಬೈಲಿನಲ್ಲಿ ಒಂದು ಹೊಸ ಪದ ಓಡಾಡುತ್ತಿದೆ. ಹಿಪ್ನೋಬರ್ತಿಂಗ್!

ಹೆಸರು ಕೇಳಿ ಮಾಯಾಜಾಲದ ಷೋ ಎಂದುಕೊಳ್ಳಬೇಡಿ. ನಿಧಾನ ಉಸಿರಾಟ, ಮೈ ಸಡಿಲ ಬಿಡುವುದು, ಕಣ್ಣು ಮುಚ್ಚಿ ಹಿತವಾದದ್ದನ್ನು ಕಲ್ಪಿಸಿಕೊಳ್ಳುವುದು, ಧೈರ್ಯದ ಮಾತುಗಳನ್ನು ದಿನಾ ಕೇಳುವುದು... ಇಷ್ಟನ್ನು ಹೆರಿಗೆಗೆ ವಾರಗಟ್ಟಲೆ ಮೊದಲೇ ರೂಢಿ ಮಾಡಿಕೊಳ್ಳುವ ಕ್ರಮ. ಇದರ ಬೇರು ಇಂಗ್ಲೆಂಡಿನ ಡಾಕ್ಟರ್ ಗ್ರಾಂಟ್ಲಿ ಡಿಕ್-ರೀಡ್ 1933ರಲ್ಲಿ ಬರೆದ ಪುಸ್ತಕದಲ್ಲಿದೆ. ಭಯವಾದರೆ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಇನ್ನಷ್ಟು ಭಯ. ಇದು ಅವರ ವಾದ. ಅಮೆರಿಕದ ಮೇರಿ ಮೊಂಗನ್ 1989ರಲ್ಲಿ ಅದಕ್ಕೆ ಹಿಪ್ನೋಬರ್ತಿಂಗ್ ಎಂಬ ಹೆಸರಿನ ಪಾಠಕ್ರಮ ಕೊಟ್ಟರು. ಬ್ರಿಟನ್ನಿನ ರಾಜಮನೆತನದ ಸೊಸೆ ಕೇಟ್ ತಾನೂ ಇದನ್ನು ಬಳಸಿದೆ ಎಂದು 2020ರಲ್ಲಿ ಹೇಳಿದ ಮೇಲಂತೂ ಇನ್ನಷ್ಟು ಪ್ರಚಾರವಾಯಿತು.

ಇಲ್ಲಿಯವರೆಗೆ ನನ್ನದು ತಕರಾರಿಲ್ಲ. ಪರೀಕ್ಷೆಗೆ ಹೆದರುವ ಮಗುವಿಗೆ "ಮೊದಲು ಉಸಿರು ಬಿಡು, ಆಮೇಲೆ ಪ್ರಶ್ನೆಪತ್ರಿಕೆ ನೋಡು" ಎಂದು ಹೇಳುವವಳು ನಾನು. ತಕರಾರು ಇರುವುದು ಇದರ ಬಾಲಕ್ಕೆ ಕಟ್ಟಿ ಮಾರುವ ಮಾತಿನ ಮೇಲೆ. "ಸರಿಯಾಗಿ ಅಭ್ಯಾಸ ಮಾಡಿದರೆ ಇಂಜೆಕ್ಷನ್ ಬೇಕಾಗುವುದೇ ಇಲ್ಲ." ಅಂದರೆ ಇಂಜೆಕ್ಷನ್ ಕೇಳಿದವಳು ಅಭ್ಯಾಸ ಮಾಡದವಳು, ಸೋತವಳು! ಸಾವಿರಾರು ರೂಪಾಯಿ ಫೀಸು ಕೊಟ್ಟು ಕಡೆಗೆ ಫೇಲಾದ ಸರ್ಟಿಫಿಕೇಟು!

ಇವರಿಗೆ ಸರಿಜೋಡಿ ನಮ್ಮ ಮನೆಯ ಹಿರಿಯರು. "ನಾವೆಲ್ಲ ಎಂಟು ಹೆತ್ತಿಲ್ಲವಾ, ಯಾವ ಸೂಜಿ ಇತ್ತು?" ಹೌದಮ್ಮಾ, ಹೆತ್ತಿರಿ. ಆದರೆ ಹೆರಲು ಹೋಗಿ ವಾಪಸು ಬಾರದವರು ಈ ಮಾತು ಹೇಳಲು ಇಲ್ಲಿಲ್ಲವಲ್ಲ. ಮೂರನೆಯವರು ಲೇಬರ್ ರೂಮಿನಲ್ಲಿದ್ದಾರೆ. "ನೋವು ತಿನ್ನದೆ ಮಗು ಬರುತ್ತದಾ? ಕಿರುಚಬೇಡ" ಎಂದು ಗದರುವವರು. ಇವರಿಗೆ ಉಸಿರಾಟದ ಅಭ್ಯಾಸವೂ ತಮಾಷೆ, ನೋವು ಕಡಿಮೆ ಮಾಡಿ ಎನ್ನುವುದೂ ಅಧಿಕಪ್ರಸಂಗ. ಮೂವರೂ ಬೇರೆ ಬೇರೆ ಬಾಗಿಲಿನಿಂದ ಬಂದು ಒಂದೇ ತೀರ್ಪು ಕೊಡುತ್ತಾರೆ: ಸಹಿಸಿಕೋ.

ಈ ತೀರ್ಪು ಹಳೆಯದು. 1847ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಮೊದಲು ಈಥರ್, ನಂತರ ಕ್ಲೋರೋಫಾರ್ಮ್ ಕೊಟ್ಟಾಗ, ನೋವಿನಲ್ಲೇ ಹೆರಬೇಕೆಂಬುದು ದೇವರ ಅಪ್ಪಣೆ ಎಂದವರಿದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿ ಎಂಟನೇ ಹೆರಿಗೆಗೆ ಡಾಕ್ಟರ್ ಜಾನ್ ಸ್ನೋ ಕೈಯಿಂದ ಕ್ಲೋರೋಫಾರ್ಮ್ ತೆಗೆದುಕೊಂಡಳು. ರಾಣಿಗೊಂದು ನ್ಯಾಯ, ಪೈವಳಿಕೆಯ ಹುಡುಗಿಗೊಂದು ನ್ಯಾಯವೇ?

ಈಗ ಲೆಕ್ಕ ನೋಡೋಣ. ಇಂಗ್ಲೆಂಡಿನಲ್ಲಿ 680 ಚೊಚ್ಚಲ ಬಸುರಿಯರ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸ್ವ-ಸಂಮೋಹನದ ತರಬೇತಿ ಪಡೆದವರಲ್ಲಿ ಎಪಿಡ್ಯೂರಲ್ ತೆಗೆದುಕೊಂಡವರು ಶೇಕಡಾ 27.9, ಪಡೆಯದವರಲ್ಲಿ 30.3. ಲೆಕ್ಕಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ಆದರೆ ಹೆರಿಗೆಯ ಬಗ್ಗೆ ಇದ್ದ ಭಯ, ಆತಂಕ ತರಬೇತಿ ಪಡೆದವರಲ್ಲಿ ಹೆಚ್ಚು ಇಳಿದಿತ್ತು. 2016ರಲ್ಲಿ ಕೊಕ್ರೇನ್ ಸಂಸ್ಥೆ 2954 ಮಹಿಳೆಯರ 9 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ನೋವಿನ ಮದ್ದುಗಳ ಒಟ್ಟು ಬಳಕೆ ಕಡಿಮೆಯಾಗಬಹುದು, ಎಪಿಡ್ಯೂರಲ್ ಬಳಕೆಯಲ್ಲಿ ಸ್ಪಷ್ಟ ವ್ಯತ್ಯಾಸವಿಲ್ಲ ಎಂದಿತು. ಅರ್ಥ ಇಷ್ಟೆ. ಅಭ್ಯಾಸ ಭಯಕ್ಕೆ ಒಳ್ಳೆಯ ಮದ್ದು, ನೋವಿಗೆ ಅರ್ಧ ಮದ್ದು. ಅರ್ಧವನ್ನು ಪೂರ್ತಿ ಎಂದು ಮಾರುವುದು ಮೋಸ. ಅರ್ಧವೆಂದು ಬಿಸಾಡುವುದು ದಡ್ಡತನ.

ಇನ್ನು ಸೂಜಿಯ ವಿಷಯ. ಎಪಿಡ್ಯೂರಲ್ ಎಂದರೆ ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗಕ್ಕೆ ಕೂದಲಿನಂಥ ತೆಳ್ಳಗಿನ ನಳಿಗೆ ಇಟ್ಟು, ಅದರ ಮೂಲಕ ಮರಗಟ್ಟುವ ಮದ್ದು ಹರಿಸುವುದು. ತಾಯಿಗೆ ಪ್ರಜ್ಞೆ ತಪ್ಪುವುದಿಲ್ಲ. "ಜೀವಮಾನವಿಡೀ ಸೊಂಟನೋವು ಬರುತ್ತದೆ", "ಕಡೆಗೆ ಸಿಸೇರಿಯನ್ನೇ ಆಗುತ್ತದೆ" ಎಂದು ನಮ್ಮ ಕಡೆ ಹೆದರಿಸುತ್ತಾರೆ. 2018ರ ಕೊಕ್ರೇನ್ ವರದಿ ಎರಡನ್ನೂ ಒಪ್ಪುವುದಿಲ್ಲ. ದೀರ್ಘಕಾಲದ ಬೆನ್ನುನೋವು ಹೆಚ್ಚಿದ್ದು ಕಂಡಿಲ್ಲ, ಸಿಸೇರಿಯನ್ ಪ್ರಮಾಣವೂ ಏರಿಲ್ಲ. ಇಕ್ಕಳ, ವ್ಯಾಕ್ಯೂಮ್ ಬಳಸುವ ಹೆರಿಗೆ ಹಿಂದಿನ ಅಧ್ಯಯನಗಳಲ್ಲಿ ಹೆಚ್ಚಿತ್ತು, 2005ರ ನಂತರದವುಗಳಲ್ಲಿ ಆ ಹೆಚ್ಚಳ ಕಾಣುವುದಿಲ್ಲ. ಹಾಗೆಂದು ತೊಂದರೆಯೇ ಇಲ್ಲವೆಂದಲ್ಲ. ರಕ್ತದೊತ್ತಡ ಇಳಿಯಬಹುದು, ತುರಿಕೆ, ಜ್ವರ ಬರಬಹುದು, ನೂರರಲ್ಲಿ ಒಬ್ಬರಿಗೆ ಜೋರು ತಲೆನೋವು ಬರಬಹುದು. ರಕ್ತ ತೆಳುವಾಗುವ ಮದ್ದು ತಿನ್ನುವವರಿಗೆ, ಪ್ಲೇಟ್‌ಲೆಟ್ ತೀರಾ ಕಡಿಮೆ ಇರುವವರಿಗೆ ಆಗದು. ಇದನ್ನೆಲ್ಲ ನೋವು ಶುರುವಾಗುವ ಮೊದಲೇ ಕೂತು ವಿವರಿಸಬೇಕಾದದ್ದು ಡಾಕ್ಟರ ಕೆಲಸ.

ಹಾಗಾದರೆ ಎರಡೂ ಒಟ್ಟಿಗೆ ಹೇಗೆ? ಬಹಳ ಸುಲಭ, ಮಾರಾಯ್ರೆ! ಬೇನೆ ಶುರುವಾಗಿ ಆಸ್ಪತ್ರೆಗೆ ತಲುಪುವವರೆಗೆ ಇರುವುದು ಉಸಿರು ಮಾತ್ರ. ಅನಸ್ತೇಷಿಯಾ ಡಾಕ್ಟರು ಬರುವವರೆಗೆ ಉಸಿರು. ಸೂಜಿ ಹಾಕುವಾಗ ಬೆನ್ನು ಬಾಗಿಸಿ, ಬೇನೆಯ ನಡುವೆಯೂ ಅಲುಗಾಡದೆ ಕೂರಬೇಕು, ಅಭ್ಯಾಸದ ನಿಜವಾದ ಬೆಲೆ ಗೊತ್ತಾಗುವುದು ಆಗಲೇ. ಮದ್ದು ಹಿಡಿಯಲು ಇನ್ನೊಂದು ಹತ್ತಿಪ್ಪತ್ತು ನಿಮಿಷ, ಆಗಲೂ ಉಸಿರು. ಮದ್ದು ಹಿಡಿದ ಮೇಲೆ ಮೈ ಸಡಿಲ ಬಿಟ್ಟು ಒಂದು ಕೋಳಿನಿದ್ದೆ ಮಾಡಿ ಎದ್ದರೆ, ಮಗುವನ್ನು ತಳ್ಳುವ ಹೊತ್ತಿಗೆ ಶಕ್ತಿ ಉಳಿದಿರುತ್ತದೆ. ಅಕಸ್ಮಾತ್ ಸಿಸೇರಿಯನ್ನೇ ಆಗಬೇಕಾಗಿ ಬಂದರೆ ಥಿಯೇಟರಿನ ಆ ಬಿಳಿ ದೀಪದ ಕೆಳಗೆ ಧೈರ್ಯಕ್ಕೆ ಬರುವುದೂ ಅದೇ ಉಸಿರು. ಎಲ್ಲಿ ಜಗಳ?

ವಿಶ್ವ ಆರೋಗ್ಯ ಸಂಸ್ಥೆಗೂ ಜಗಳ ಕಾಣಲಿಲ್ಲ. ಅದರ 2018ರ ಹೆರಿಗೆ ಮಾರ್ಗಸೂಚಿಯಲ್ಲಿ, ಕೇಳುವ ಆರೋಗ್ಯವಂತ ಬಸುರಿಗೆ ಎಪಿಡ್ಯೂರಲ್ ಶಿಫಾರಸು ಇದೆ, ಉಸಿರಾಟ ಮತ್ತು ಮೈ ಸಡಿಲಿಸುವ ಕ್ರಮಗಳ ಶಿಫಾರಸೂ ಇದೆ. ತಾಯಿ ಬಯಸಿದ ಒಬ್ಬರು ಜೊತೆಗಿರಬೇಕೆಂದೂ ಇದೆ.

ಗಡಿಯಲ್ಲಿರುವ ನಮಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಎಣ್ಮಕಜೆಯ ಒಳಗಿನ ಮನೆಯಿಂದ ಜೀಪು ಮುಖ್ಯರಸ್ತೆಗೆ ಬಂದು, ದೊಡ್ಡ ಆಸ್ಪತ್ರೆ ಬೇಕೆಂದರೆ ಮಂಗಳೂರಿಗೇ ಓಡಬೇಕು. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ, ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸೂಜಿ ಜೀಪಿನಲ್ಲಿ ಬರುವುದಿಲ್ಲ, ಉಸಿರು ಬರುತ್ತದೆ. ಆದರೆ ಜೀಪಿನಲ್ಲಿ ಉಸಿರು ಹಿಡಿದು ಬಂದವಳಿಗೆ ಆಸ್ಪತ್ರೆಯಲ್ಲೂ "ಉಸಿರೇ ಸಾಕು" ಎನ್ನುವುದು ಯಾವ ನ್ಯಾಯ?

ಭಾಷೆಯ ಮಾತೂ ಇದೆ. ಈ ಅಭ್ಯಾಸದ ಬಂಡವಾಳವೇ ಮಾತು. ಸಂಕೋಚನ ಎನ್ನದೆ ಅಲೆ ಎನ್ನಬೇಕು ಎಂದು ಕಲಿಸುತ್ತಾರೆ, ಮಾತಿಗೆ ಅಷ್ಟು ಬೆಲೆ! ಆದರೆ ಆ ಮಾತು ಬರುವುದು ಇಂಗ್ಲಿಷಿನಲ್ಲಿ, ಲೇಬರ್ ರೂಮಿನ ಮಾತು ಮಲಯಾಳದಲ್ಲಿ. ಪುತ್ತೂರು ಕಡೆಯಿಂದ ಮದುವೆಯಾಗಿ ಬಂದವಳು ಎರಡನೇ ಹೆರಿಗೆಗೆ ಇಲ್ಲೇ ಮಲಗಿದಾಗ ಸಿಸ್ಟರ್ "ಮುಕ್ಕ್, ಮುಕ್ಕ್" ಎಂದರೆ ಅವಳಿಗೇನು ತಿಳಿಯಬೇಕು? ಅವರ ಮುಕ್ಕ್ ಎಂದರೆ ಮುಕ್ಕರಿಸಿ ತಳ್ಳು, ನಮ್ಮ ಮುಕ್ಕು ಎಂದರೆ ಗಬಗಬನೆ ತಿನ್ನು! ಭಯ ಇಳಿಸುವ ಮಾತು ತಾಯಿಯ ಭಾಷೆಯಲ್ಲೇ ಇರಬೇಕು. ಎಪಿಡ್ಯೂರಲ್‌ಗೆ ಸಹಿ ಹಾಕಿಸುವ ಕಾಗದವೂ ಅಷ್ಟೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು:

1. ಅಂಗನವಾಡಿಯ ಬಸುರಿಯರ ಸಭೆಯಲ್ಲಿ ಉಸಿರಾಟದ ಅಭ್ಯಾಸ ಕನ್ನಡದಲ್ಲಿ, ತುಳುವಿನಲ್ಲಿ, ಪುಕ್ಕಟೆಯಾಗಿ ಕಲಿಸಲಿ.

2. ಹೆರಿಗೆ ನಡೆಯುವ ಜಿಲ್ಲೆಯ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ಹಗಲೂ ರಾತ್ರಿ ಅನಸ್ತೇಷಿಯಾ ಡಾಕ್ಟರಿರಲಿ. 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನಿಂದ ನಾವು ಇದನ್ನೂ ನಿರೀಕ್ಷಿಸುತ್ತೇವೆ.

3. ಹೆರುವವಳ ಜೊತೆ ಒಬ್ಬರಿರಲು ಕೇಂದ್ರ ಸರಕಾರ 2016ರಲ್ಲೇ ಅನುಮತಿ ಕೊಟ್ಟಿದೆ. ಅದು ಕಾಗದದಿಂದ ಲೇಬರ್ ರೂಮಿಗೆ ಇಳಿಯಲಿ.

4. ಕೋರ್ಸು ಮಾರುವವರು "ಇಂಜೆಕ್ಷನ್ ಕೇಳಿದರೆ ಅದು ಸೋಲಲ್ಲ" ಎಂದು ಮೊದಲ ಪಾಠದಲ್ಲೇ ಹೇಳಲಿ.

ಬೇಡವೆನ್ನುವವಳಿಗೆ ಬಲವಂತವಾಗಿ ಸೂಜಿ ಹಾಕಿ ಎಂದು ನಾನು ಹೇಳುತ್ತಿಲ್ಲ. ಬರೀ ಉಸಿರಿನಲ್ಲಿ ಹೆತ್ತವಳಿಗೂ ನಮಸ್ಕಾರ, ಸೂಜಿ ಕೇಳಿ ಹೆತ್ತವಳಿಗೂ ನಮಸ್ಕಾರ. ಹೆರಿಗೆಗೆ ಮಾರ್ಕ್ಸ್ ಕಾರ್ಡ್ ಇಲ್ಲ, ರ‍್ಯಾಂಕೂ ಇಲ್ಲ. ಮುಂದಿನ ಸಲ ಸೀಮಂತಕ್ಕೆ ಹೋದಾಗ ಬಳೆ, ಸೀರೆಯ ಜೊತೆಗೆ ಆ ಹುಡುಗಿಯ ಕಿವಿಯಲ್ಲಿ ಒಂದು ಮಾತು ಹೇಳಿ ಬನ್ನಿ: "ಉಸಿರು ಕಲಿತುಕೋ ಮಗಾ, ನೋವು ತಡೆಯದಿದ್ದರೆ ಬಾಯಿಬಿಟ್ಟು ಕೇಳು."

ಏನಂತೀರಿ?