ಎತ್ತಿಟ್ಟ ಪಾಲು

ಗೃಹಸ್ಥ ಜೀವನದ ವಿಷಯವಾಗಿ ತಿಂಗಳು ತಿಂಗಳೂ ಈ ಪುಟದಲ್ಲಿ ಏನಾದರೊಂದನ್ನು ಬರೆಯುತ್ತ ಬಂದಿರುವ ನಮ್ಮನ್ನು, ತಾಯಂದಿರ ದಿನಚರಿಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ವಾಚಕ ಮಹಾಶಯರು ಕೆಲವರು ಕೇಳಿರುವರು. ತಾಯಿಯನ್ನು ಹೊಗಳುವುದು ಸುಲಭ. ಆದರೆ ನಮ್ಮ ಹೊಗಳಿಕೆಯಿಂದ ಆಕೆಯ ಒಲೆಯ ಮೇಲಿನ ಪಾತ್ರೆಯೊಂದೂ ತಾನಾಗಿ ಕೆಳಗಿಳಿಯದು. ಆದುದರಿಂದ ಸ್ತೋತ್ರವನ್ನು ಬದಿಗಿಟ್ಟು, ನಾವು ಕಣ್ಣಾರೆ ಕಂಡ ಒಂದು ಮನೆಯ ಸಂಗತಿಯನ್ನಷ್ಟೇ ಅರುಹುವೆವು.

ಆ ಮನೆಯು ಕೋಲಾರದ ಚಿನ್ನದ ಗಣಿಗಳ ಪೈಕಿ ನಂದಿದುರ್ಗವೆಂಬ ಗಣಿಯ ಕೆಲಸಗಾರರ ಸಾಲಿನಲ್ಲಿತ್ತು. ನಂದಿದುರ್ಗವೆಂದೊಡನೆ ಚಿಕ್ಕಬಳ್ಳಾಪುರದ ಬಳಿಯ ಬೆಟ್ಟವನ್ನು ನೆನೆಯಬಾರದು. ಬಂಗಾರಪೇಟೆಯಿಂದ ಕವಲೊಡೆದು 1894ರಲ್ಲಿ ಹಾಕಿದ ರೈಲುದಾರಿಯು ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪದಲ್ಲಿ ಮುಗಿಯುವುದಷ್ಟೆ. ಆ ಸೀಮೆಯ ಮಾತನ್ನು ನಾವು ಆಡುತ್ತಿರುವುದು. 1989ರಲ್ಲಿ ಉಪಾಧ್ಯಾಯ ವೃತ್ತಿಯ ನಿಮಿತ್ತ ನಾವು ಅಲ್ಲಿ ಬಿಡಾರ ಹೂಡಿದೆವು. ಎಡಕ್ಕೆ ತಮಿಳರ ಮನೆ, ಎದುರಿಗೆ ತೆಲುಗರ ಮನೆ, ಬಲಕ್ಕೆ ಈಗ ಹೇಳಹೊರಟಿರುವ ಕನ್ನಡದ ಮನೆ. ಆ ಮನೆಯಾಕೆ ಬಂಗಾರಪೇಟೆಯ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ಯಜಮಾನರು ಭೂಮಿಯ ಒಳಗೆ ಇಳಿದು ದುಡಿಯುವವರು. ಮಕ್ಕಳು ಮೂವರು. ಇವರಲ್ಲದೆ ಒಂದು ಕಂದುಬಣ್ಣದ ನಾಯಿ, ಮರಿಗಳೊಡನೆ ಅಂಗಳ ಕೆದರುವ ಒಂದು ಹೇಂಟೆ, ಯಾರ ಮನೆಯದೆಂದು ಇತ್ಯರ್ಥವಾಗದೆ ಹಾಲಿನ ಹೊತ್ತಿಗೆ ಮಾತ್ರ ಆ ಮನೆಯದಾಗುತ್ತಿದ್ದ ಒಂದು ಬೆಕ್ಕು, ಇವಿಷ್ಟೂ ಆಕೆಯ ಸಂಸಾರ.

ದೀಪಾವಳಿ ಸಮೀಪಿಸಿತೆಂದರೆ ಆ ಮನೆಯಲ್ಲಿ ಕಜ್ಜಾಯದ ಸಿದ್ಧತೆ. ನಾವು ಕಜ್ಜಾಯವೆನ್ನುವುದನ್ನೇ ಎಡಗಡೆಯ ಮನೆಯವರು ಅದಿರಸವೆನ್ನುವರು, ಎದುರು ಮನೆಯವರು ಅರಿಸೆಯೆನ್ನುವರು. ಹೆಸರು ಮೂರಾದರೂ ಕಷ್ಟ ಒಂದೇ. ಅಕ್ಕಿಯನ್ನು ನೆನೆಯಿಟ್ಟು, ನೀರು ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರವಬೇಕು. ಪೂರ್ತಿ ಒಣಗಲೂ ಕೂಡದು. ಕೈಗೆ ತೇವ ತಾಕುತ್ತಿರುವಾಗಲೇ ಕುಟ್ಟಿ ಜರಡಿ ಹಿಡಿಯಬೇಕು. ಗಾಳಿಯ ದಿನಗಳಲ್ಲಿ ಸೈನೈಡು ದಿಬ್ಬಗಳ ಬಿಳಿಯ ಧೂಳು ಎದ್ದು ಬರುತ್ತಿದ್ದುದರಿಂದ ಆಕೆ ಬಾಗಿಲು ಕಿಟಕಿಗಳನ್ನು ಮುಚ್ಚಿ, ಮಂಚದ ಮೇಲೆಯೇ ಅಕ್ಕಿಯನ್ನು ಹರಡುತ್ತಿದ್ದರು. ಆಮೇಲೆ ಬೆಲ್ಲದ ಪಾಕ. ಅದರ ಒಂದು ತೊಟ್ಟನ್ನು ಬಟ್ಟಲ ನೀರಿನಲ್ಲಿ ಬಿಟ್ಟರೆ ಕರಗದೆ ಮೆತ್ತನೆಯ ಉಂಡೆಯಾಗಿ ಬೆರಳಿಗೆ ಬರಬೇಕು. ಪಾಕ ಏರಿದರೆ ಕಜ್ಜಾಯ ಕಲ್ಲಾಗುವುದು; ಇಳಿದರೆ ಎಣ್ಣೆಯಲ್ಲಿ ಒಡೆದು ಚೂರಾಗುವುದು. ಹಿಟ್ಟನ್ನು ಕಲಸಿ ರಾತ್ರಿಯೆಲ್ಲ ಇಟ್ಟು, ಮಾರನೆಯ ದಿನ ಬಾಳೆಯೆಲೆಯ ಮೇಲೆ ತಟ್ಟಿ ಕರಿಯುವಾಗ ಮಕ್ಕಳು ಮೂವರೂ ಒಲೆಯ ಸುತ್ತ. ನಾಯಿ ಹೊಸ್ತಿಲ ಆಚೆ.

ಹಂಚಿಕೆಯ ಕ್ರಮವನ್ನು ನಾವು ಮೊದಮೊದಲು ಕುತೂಹಲದಿಂದ ನೋಡಿದೆವು. ಮೊದಲು ದೇವರ ಮುಂದೆ ಎರಡು. ಬಳಿಕ ಹಿರಿಯ ಮಗಳು, ಕಿರಿಯ ಮಗನೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಎಡಮನೆಗೆ, ಎದುರು ಮನೆಗೆ, ಒಂಟಿ ಬಿಡಾರದ ನಮಗೆ ತಟ್ಟೆಯಲ್ಲಿಟ್ಟು ಮುಚ್ಚಿದ ಪಾಲು. ನಾಯಿಯ ಹೊಟ್ಟೆಗೆ ಕರಿದ ಸಿಹಿ ಹಿತವಲ್ಲವೆಂದು ಅದಕ್ಕೆ ಮಜ್ಜಿಗೆಯಲ್ಲಿ ಕಲಸಿದ ರಾಗಿಮುದ್ದೆ. ಹೇಂಟೆಗೆ ಜರಡಿಯಲ್ಲಿ ಉಳಿದ ನುಚ್ಚು. ಕಟ್ಟಕಡೆಗೆ ಒಂದು ಚಿಕ್ಕ ಡಬ್ಬಿಯಲ್ಲಿ ನಾಲ್ಕು ಕಜ್ಜಾಯಗಳನ್ನಿಟ್ಟು ತೊಲೆಗೆ ತೂಗುಹಾಕಿದ ನೆಲುವಿನ ಮೇಲೆ ಏರಿಸುವರು. ಅದು ಪಾಳಿಗೆ ಹೋದವರ ಪಾಲು. ಮೂವರು ಮಕ್ಕಳಲ್ಲಿ ಒಬ್ಬರೂ ಆ ಡಬ್ಬಿಯ ಕಡೆ ಕೈಚಾಚಿದುದನ್ನು ನಾವು ಕಾಣೆವು.

ಪಂಚಮಹಾಯಜ್ಞಗಳೆಂದು ನಮ್ಮ ಶಾಸ್ತ್ರಕಾರರು ಗೃಹಸ್ಥನಿಗೆ ಐದು ನಿತ್ಯಕರ್ಮಗಳನ್ನು ವಿಧಿಸಿರುವರು. ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಮನುಷ್ಯರಿಗೆ, ಪ್ರಾಣಿಗಳಿಗೆ ಸಲ್ಲಬೇಕಾದ ಋಣಗಳಿವು. ಪ್ರಾಣಿಗಳ ಪಾಲಿಗೆ ಭೂತಯಜ್ಞವೆಂದು ಹೆಸರು. ನಾವು ಇದನ್ನು ಪಾಠಶಾಲೆಯಲ್ಲಿ ಕಲಿತು, ಪರೀಕ್ಷೆಯಲ್ಲಿ ಬರೆದು, ವಿದ್ಯಾರ್ಥಿಗಳಿಗೆ ಹೇಳಿಯೂ ಕೊಟ್ಟಿದ್ದೆವು. ತನ್ನನ್ನು ನಂಬಿ ಹಿಂದೆ ಬಂದ ನಾಯಿಯನ್ನು ತೊರೆದು ಸ್ವರ್ಗದ ರಥವನ್ನೇರಲೊಲ್ಲೆನೆಂದ ಧರ್ಮರಾಯನ ಕಥೆಯನ್ನು ವರ್ಷಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದೆವು. ಸೂತ್ರವನ್ನು ಓದದ ಆ ತಾಯಿಯ ಅಡುಗೆಮನೆಯಲ್ಲಿ ಅದರ ಭಾಷ್ಯವು ನಮಗೆ ದೊರೆಯಿತು.

ಒಂದು ಮಧ್ಯಾಹ್ನದ ಮಾತು. ಆಕೆ ಕಜ್ಜಾಯ ತಟ್ಟುತ್ತಿದ್ದರು. ತಟ್ಟೆ ಹಿಂದಿರುಗಿಸಲು ಹೋದ ನಾವು ಬಾಗಿಲಲ್ಲಿದ್ದೆವು. ನೆಲದಡಿಯಲ್ಲಿ ಗುಡುಗಿದಂತಾಯಿತು. ಗೂಡಿನಲ್ಲಿದ್ದ ಲೋಟಗಳು ಗಲಗಲಿಸಿದವು. ನಾಯಿ ಎದ್ದು ನಿಂತಿತು. ಬಹು ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುವುದಕ್ಕೆ ಆ ಊರಿನವರು ಏರ್‌ಬ್ಲಾಸ್ಟ್ ಎನ್ನುವರು. ಚಾಂಪಿಯನ್ ಗಣಿಯು 3 ಕಿಲೋಮೀಟರಿಗೂ ಮಿಗಿಲಾಗಿ ಇಳಿದಿದ್ದ ಆ ನಾಡಿನಲ್ಲಿ ಇದು ಅಪೂರ್ವವೇನಲ್ಲ. ಆದರೆ ಯಾವ ಸಿಡಿತ ಯಾರ ಮನೆಯದೆಂಬುದು ಕೂಡಲೆ ತಿಳಿಯುವಂತಿರಲಿಲ್ಲ. ಆಕೆ ಮಾತಾಡಲಿಲ್ಲ. ತೂಗಾಡುತ್ತಿದ್ದ ನೆಲುವನ್ನು ಎದ್ದು ಕೈಯಿಂದ ಹಿಡಿದು ನಿಲ್ಲಿಸಿ, ಮರಳಿ ಕುಳಿತು, ಎಣ್ಣೆಯಲ್ಲಿದ್ದುದನ್ನು ಹೊತ್ತದಂತೆ ಮಗುಚಿದರು. ಸಂಜೆ ಪಾಳಿ ಬಿಟ್ಟು ಯಜಮಾನರು ಬಂದಾಗ ಡಬ್ಬಿ ಇಳಿಯಿತು. ಅವರು ಎಂದಿನಂತೆ ತಮ್ಮ ನಾಲ್ಕರಲ್ಲಿ ಮೂರನ್ನು ಮಕ್ಕಳಿಗೆ ಕೊಟ್ಟರು.

2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷಗಳ ಕೆಲಸ ಒಂದು ದಿನದಲ್ಲಿ ನಿಂತಿತು. ಇಳಿಯಲು ಪಾಳಿಯಿಲ್ಲದ ಗಂಡಸರು ಬಾಗಿಲ ಮುಂದೆ ಕುಳಿತಿರುತ್ತಿದ್ದ ದಿನಗಳವು. ಆಕೆ ಚಕ್ಕುಲಿ, ನಿಪ್ಪಟ್ಟುಗಳನ್ನು ಮಾಡಿ ಬಂಗಾರಪೇಟೆಯ ಅಂಗಡಿಗೆ ಕೊಡತೊಡಗಿದರು. ಮಾರುವುದಕ್ಕೆಂದು ಎಣಿಸಿಟ್ಟು ಮಿಕ್ಕುದರಲ್ಲಿ ಮೊದಲಿನ ಕ್ರಮದಲ್ಲಿಯೇ ಹಂಚಿಕೆ ನಡೆಯಿತು. ನಾಲ್ಕಿದ್ದುದು ಎರಡಾಯಿತು, ಆದರೆ ನೆಲುವಿನ ಡಬ್ಬಿ ಬರಿದಾಗಲಿಲ್ಲ. ಯಜಮಾನರು ಅಂಗಳದಲ್ಲಿಯೇ ಕುಳಿತಿರುವಾಗ ಎತ್ತಿಡುವುದೇತಕ್ಕೆಂದು ಕಿರಿಯ ಮಗನಿಗೆ ಸೋಜಿಗ.

“ಅಪ್ಪ ಇಲ್ಲೇ ಇದ್ದಾರಲ್ಲಮ್ಮ, ಕೈಗೇ ಕೊಡಬಾರದೆ?”

“ದುಡಿಮೆ ನಿಂತರೆ ಪಾಲೂ ನಿಲ್ಲುತ್ತದೇನೋ? ಅವರು ಹೊರಗಿನಿಂದ ಬಂದಾಗ ಇಳಿಸಿಕೊಡು.”

ಸಂಜೆ ಅವರು ಬೀದಿಯ ತುದಿಯವರೆಗೆ ನಡೆದುಹೋಗಿ ಬಂದರು. ಬಂದಮೇಲೆ ಮಗ ಡಬ್ಬಿಯನ್ನು ಇಳಿಸಿಕೊಟ್ಟನು. ಆ ಪಾಲು ದೂರವಿರುವವರಿಗಾಗಿ ಮಾತ್ರವೆಂದು ಅಲ್ಲಿಯವರೆಗೆ ನಾವೂ ತಿಳಿದಿದ್ದೆವು. ಮನೆಯಲ್ಲಿ ಅವರ ಸ್ಥಾನ ಹಾಗೆಯೇ ಇದೆಯೆಂಬುದನ್ನು ಒಂದು ಮಾತೂ ಆಡದೆ ತಿಳಿಸುವ ಉಪಾಯ ಅದೆಂದು ಅಂದು ಅರಿತೆವು. ಮುಂದೆ ಅವರು ಬೆಂಗಳೂರಿನಲ್ಲಿ ಕಾವಲುಗಾರಿಕೆಗೆ ಸೇರಿದರು. ಊರಿನ ಸಹಸ್ರಾರು ಮಂದಿಯೊಡನೆ ನಸುಕಿನ ರೈಲಿಗೆ ಹೋಗಿ ರಾತ್ರಿಯ ರೈಲಿಗೆ ಹಿಂದಿರುಗುವರು.

ಕಳೆದ ಪುಷ್ಯಮಾಸದಲ್ಲಿ ನಾವು ಮತ್ತೆ ಆ ಸಾಲಿಗೆ ಹೋಗಿದ್ದೆವು. ನಮ್ಮ ವಿದ್ಯಾರ್ಥಿನಿಯಾಗಿದ್ದ ಹಿರಿಯ ಮಗಳು ಈಗ ಆ ಮನೆಯ ಗೃಹಿಣಿ. ಅವಳ ಯಜಮಾನರೂ ರೈಲಿನವರೇ. ಅಂದಿನ ನಾಯಿಯ ಮರಿಯ ಮರಿಯೊಂದು ಹೊಸ್ತಿಲಲ್ಲಿ ಮಲಗಿತ್ತು. ನಮ್ಮ ಹಳೆಯ ನೆರೆಯಾಕೆ ನರೆತ ತಲೆಯ ಅಜ್ಜಿಯಾಗಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೆನೆದ ಅವರೆಕಾಳನ್ನು ಹಿತುಕುತ್ತಿದ್ದರು. ಕೋಲಾರದ ಸೀಮೆಯಲ್ಲಿ ಆ ಕಾಲಕ್ಕೆ ಮನೆಮನೆಯಲ್ಲಿಯೂ ಅವರೆಯ ಸೊಗಡು. ಬೆರಳಿನ ನಡುವೆ ಒತ್ತಿದರೆ ಬೇಳೆ ಚಿಮ್ಮುವುದು. ಏಳು ವರ್ಷದ ಮೊಮ್ಮಗಳು ಅದನ್ನು ನಾಯಿಯ ಮೂಗಿಗೆ ಗುರಿಯಿಟ್ಟು ಚಿಮ್ಮಿಸಿ ನಗುತ್ತಿದ್ದಳು.

ಆ ಬೇಳೆ ಹಾಕಿ ತಟ್ಟಿದ ನಿಪ್ಪಟ್ಟುಗಳು ಒಲೆಯಿಂದ ಇಳಿದವು. ಹಂಚಿಕೆ ನಡೆಯಿತು. ನೆಲುವಿದ್ದ ತೊಲೆಯಲ್ಲಿ ಈಗ ಕೊಂಡಿ ಮಾತ್ರ ಉಳಿದಿದೆ. ಡಬ್ಬಿ ಗೋಡೆಯ ಬೀರುವಿಗೆ ಏರಿತು. ಆಗ ಆ ಹುಡುಗಿ ತಟ್ಟೆಯನ್ನು ದಿಟ್ಟಿಸಿ ನೋಡಿ ಒಂದು ಪ್ರಶ್ನೆ ಕೇಳಿದಳು.

“ಅಜ್ಜಿ, ನಿನಗೆ ಯಾವಾಗಲೂ ಒಡೆದದ್ದೇ ಯಾಕೆ?”

“ಒಡೆದದ್ದೇ ನನಗೆ ರುಚಿ ಕಂದ.”

ವಾಚಕರೇ, ಹನ್ನೆರಡು ವರ್ಷಗಳ ಕಾಲ ಆ ಹಂಚಿಕೆಯನ್ನು ನೋಡಿದವರು ನಾವು. ದೇವರಿಗೆಷ್ಟು, ಮಕ್ಕಳಿಗೆಷ್ಟು, ನಾಯಿಗೇನು, ನೆರೆಯವರಿಗೇನು ಎಂಬ ಲೆಕ್ಕ ನಮಗೆ ಬಾಯಿಪಾಠವಾಗಿತ್ತು. ಪಾಕ ಇಳಿದು ಎಣ್ಣೆಯಲ್ಲಿ ಒಡೆದ ಚೂರುಗಳೆಲ್ಲ ಎಲ್ಲಿಗೆ ಹೋಗುತ್ತಿದ್ದವೆಂದು ಒಮ್ಮೆಯೂ ನಾವು ಕೇಳಿರಲಿಲ್ಲ. ಅವರು ಕಳುಹಿಸಿದ ತಟ್ಟೆಯನ್ನು ಬರಿದು ಮಾಡಿ ಹಿಂದಿರುಗಿಸಿದ್ದೆವು, ಅಷ್ಟೆ.

ಹುಡುಗಿ ಆ ಉತ್ತರವನ್ನು ಒಪ್ಪಲಿಲ್ಲ. ದುಂಡನೆಯ ನಿಪ್ಪಟ್ಟೊಂದನ್ನು ಆರಿಸಿ ಅಜ್ಜಿಯ ಅಂಗೈಯಲ್ಲಿಟ್ಟಳು. ಆಕೆ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಕುಳಿತರು. ಆಮೇಲೆ ಎರಡಾಗಿ ಮುರಿದು ಅರ್ಧವನ್ನು ಮೊಮ್ಮಗಳಿಗೆ ಕೊಟ್ಟುಬಿಟ್ಟರು. “ಕೈ ಕೇಳುವುದಿಲ್ಲ ಮೇಷ್ಟ್ರೇ” ಎಂದರು. ಮಗಳು ನಗುತ್ತ ಇನ್ನೊಂದನ್ನು ಇಟ್ಟಳು.

ಗೃಹಸ್ಥರಿಗೆ ನಾವು ಹೇಳುವುದು ಇಷ್ಟೇ. ಈ ತಾಯಂದಿರು ತಮ್ಮ ಪಾಲನ್ನು ತಾವಾಗಿ ಎತ್ತಿಟ್ಟುಕೊಳ್ಳುವವರಲ್ಲ. ಬಲವಂತದಿಂದ ಕೊಟ್ಟರೂ ಮುರಿದು ಹಂಚುವರು. ಆದುದರಿಂದ ಆ ಕೆಲಸವು ಮನೆಯ ಮಿಕ್ಕವರದು. ಹಬ್ಬದ ದಿನ ಒಲೆಯ ಮೇಲಿನಿಂದ ಮೊದಲ ತಟ್ಟೆ ಇಳಿದಾಗ, ಒಡೆಯದ ಎರಡನ್ನು ಚಿಕ್ಕ ಡಬ್ಬಿಯಲ್ಲಿಟ್ಟು, ಕೆಲಸ ಮುಗಿಸಿ ಆಕೆ ಕುಳಿತಾಗ ಇಳಿಸಿಕೊಡಲು ಮನೆಯ ಕಿರಿಯ ಮಗುವಿಗೆ ಒಪ್ಪಿಸಿರಿ. ಆ ಕೆಲಸಕ್ಕೆ ಮಗುವಿಗಿಂತ ದಕ್ಷರಾದವರು ಇಲ್ಲವೆಂಬುದನ್ನು ನಾವು ನಂದಿದುರ್ಗದಲ್ಲಿ ನೋಡಿ ಬಂದಿರುವೆವು.