ಇಂಗ್ಲಿಷ್ ಬೋರ್ಡು, ಕನ್ನಡದ ಬೆರಳು!

ಕನ್ನಡದ ಹುಡುಗರೇ, ಅಂಗಡಿಯ ಬೋರ್ಡಿನಲ್ಲಿ ಕನ್ನಡ ಕಾಣದಿದ್ದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ಬ್ಯಾಂಕಿನ ಚಲನ್ನಿಗೆ, ರೈಲ್ವೆ ಫಾರಮ್ಮಿಗೆ ಕೂಗಿದ್ದೀರಿ. ಆದರೆ ಇನ್ನೊಂದು ಬೋರ್ಡಿದೆ. ಅದರ ಮುಂದೆ ನಿಮ್ಮಲ್ಲಿ ಒಬ್ಬನೂ ನಿಂತದ್ದನ್ನು ನಾನು ಕಂಡಿಲ್ಲ. ಅದು ಎಂ.ಜಿ. ರಸ್ತೆಯಲ್ಲಿಲ್ಲ. ಸಿಮೆಂಟ್ ಕಾರ್ಖಾನೆಯೊಳಗೆ, ನೆಲಕ್ಕಿಂತ ಕೆಳಗಿನ ಗುಂಡಿಯಲ್ಲಿ, ಧೂಳು ತಿನ್ನುತ್ತಾ ಬಕೆಟ್ ಎಲಿವೇಟರಿನ ಬುಡದಲ್ಲಿ ನೇತಾಡುತ್ತಿದೆ. ಅದನ್ನು ಓದಲಾಗದವನು ಕಳೆದುಕೊಳ್ಳುವುದು ಅಭಿಮಾನವನ್ನಲ್ಲ, ಬೆರಳನ್ನು!

ಎಲಿವೇಟರ್ ಎಂದರೆ ಶಾಪಿಂಗ್ ಮಾಲಿನ ಲಿಫ್ಟಲ್ಲ. ಎತ್ತರದ ಕಬ್ಬಿಣದ ಗೂಡು. ಒಳಗೆ ಸುತ್ತುವ ಚೈನು. ಚೈನಿಗೆ ಸಾಲಾಗಿ ಬಿಗಿದ ಬಕೆಟ್ಟುಗಳು. ಬುಡದಲ್ಲಿ ಕ್ಲಿಂಕರನ್ನೋ ಸಿಮೆಂಟ್ ಪುಡಿಯನ್ನೋ ತುಂಬಿಕೊಂಡು ಮೇಲೇರುತ್ತವೆ, ಸುರಿದು ಬರಿದಾಗಿ ಇಳಿಯುತ್ತವೆ. ಮೇಲಿನ ಚಕ್ರವನ್ನು ಮೋಟಾರು ತಿರುಗಿಸುತ್ತದೆ. ಕೆಳಗಿನ ಚಕ್ರದ ಶಾಫ್ಟನ್ನು ಮೇಲೆ ಕೆಳಗೆ ಸರಿಸಿ ಚೈನಿನ ಸಡಿಲ ತೆಗೆಯಲು ಎರಡು ಬದಿಗೆ ಎರಡು ಉದ್ದನೆಯ ಸ್ಕ್ರೂ. ಕೆಲವು ಕಡೆ ಸ್ಕ್ರೂ ಬದಲು ತೂಕದ ಪೆಟ್ಟಿಗೆ. ಇದಕ್ಕೆ ಟೇಕಪ್ ಎನ್ನುತ್ತಾರೆ. ನಮ್ಮ ಜಗಳವೆಲ್ಲ ಈ ಎರಡು ಸ್ಕ್ರೂಗಳ ಮೇಲೆ.

ಕಲಬುರಗಿ ಜಿಲ್ಲೆ ನಮ್ಮ ಸಿಮೆಂಟಿನ ತವರು. ವಾಡಿ, ಶಹಾಬಾದ್, ಸೇಡಂ, ಮಳಖೇಡ. ಈ ಮಳಖೇಡವೇ ನೃಪತುಂಗನ ಮಾನ್ಯಖೇಟ, ಕವಿರಾಜಮಾರ್ಗದ ಕಾಲದ ರಾಜಧಾನಿ. ರಾಜ್ಯೋತ್ಸವದ ಭಾಷಣದಲ್ಲಿ ಈ ಹೆಸರು ಬಂದರೆ ಚಪ್ಪಾಳೆ. ಅದೇ ಸೀಮೆಯ ಹುಡುಗ ಕಾರ್ಖಾನೆಯ ಗೇಟು ದಾಟಿದರೆ ಅವನ ಕನ್ನಡ ಗೇಟಿನಾಚೆಯೇ ಉಳಿಯುತ್ತದೆ.

ಒಂದು ಕಾರ್ಖಾನೆಯಲ್ಲಿ ನಾನೇ ಕಂಡದ್ದು. ಹೆಸರು ಬೇಡ. ಗುತ್ತಿಗೆಯ ಹೆಲ್ಪರ್ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ, ಮಾರುದ್ದದ ಸ್ಪ್ಯಾನರ್ ಹಿಡಿದು ಗುಂಡಿಗೆ ಇಳಿದಿದ್ದ. ಮೇಲಿನಿಂದ ಸೂಪರ್‌ವೈಸರ್ ಕೂಗಿದ: "ಟೈಟ್ ಕರೋ!" ಅಷ್ಟೇ ತರಬೇತಿ.

"ಬೋರ್ಡಿನಲ್ಲಿ ಏನು ಬರೆದಿದೆ ತಮ್ಮಾ?" ಎಂದೆ.

"ಇಂಗ್ಲಿಷ್ ಅದ ರೀ. ಡೇಂಜರ್ ಅಂತ ಇರಬೇಕು."

"ಎಷ್ಟು ಬಿಗಿ ಮಾಡ್ತೀಯ?"

"ಸ್ಪ್ಯಾನರ್ ಅಲ್ಲಾಡಂಗಿಲ್ಲ ಅನ್ನೋತನಕ ರೀ."

ಈ ಉತ್ತರಕ್ಕೆ ನಗಬೇಡಿ. ಪೀಣ್ಯದಲ್ಲಿ ಡಿಪ್ಲೊಮಾ ಮುಗಿಸಿ ಟೈ ಕಟ್ಟಿಕೊಂಡ ಎಷ್ಟು ಮಂದಿಗೆ ಇದಕ್ಕಿಂತ ಒಳ್ಳೆಯ ಉತ್ತರ ಗೊತ್ತು? ಬಿಗಿ ಮಾಡಿದಷ್ಟೂ ಒಳ್ಳೆಯದು ಎನ್ನುವುದು ಬೆಲ್ಟಿನಿಂದ ಬಂದ ಚಾಳಿ. ಅಕ್ಕಿ ಗಿರಣಿಯ ಎಲಿವೇಟರಿನಲ್ಲಿ ಸಾಮಾನ್ಯವಾಗಿ ಇರುವುದು ಬೆಲ್ಟು. ಅದು ಪುಲ್ಲಿಯನ್ನು ಉಜ್ಜಿ ಹಿಡಿದೇ ಓಡಬೇಕು, ಸಡಿಲವಾದರೆ ಜಾರುತ್ತದೆ. ಹಲ್ಲಿನ ಚಕ್ರದ ಮೇಲೆ ಕೂತ ಚೈನಿಗೆ ಆ ಹಂಗಿಲ್ಲ. ಮೇಲಿನಿಂದ ನೇತಾಡುವ ಚೈನಿನ ಸ್ವಂತ ತೂಕವೇ ಅದನ್ನು ಎಳೆದು ನಿಲ್ಲಿಸಿರುತ್ತದೆ. ಕೆಳಗಿನ ಟೇಕಪ್ಪಿನ ಕೆಲಸ ಬುಡದ ಸಡಿಲ ತೆಗೆದು, ಚೈನು ತೂಗಾಡದಂತೆ ದಾರಿಯಲ್ಲಿ ಇಡುವುದು. ಹಿಂಡುವುದಲ್ಲ!

ಹಿಂಡಿದರೆ? ಪಿನ್ನು, ಬುಷ್ಷು ಬೇಗ ಸವೆಯುತ್ತವೆ, ಚಕ್ರದ ಹಲ್ಲು ಕೊಕ್ಕೆಯಂತಾಗುತ್ತದೆ, ಬೇರಿಂಗು ಕಾಯುತ್ತದೆ. ತೀರಾ ಸಡಿಲ ಬಿಟ್ಟರೆ ಬಕೆಟ್ಟು ಗೂಡಿಗೆ ಬಡಿಯುತ್ತದೆ, ಚೈನು ಹಲ್ಲಿನ ಮೇಲೆ ಹತ್ತುತ್ತದೆ. ಒಂದು ಬದಿಯ ಸ್ಕ್ರೂ ಹೆಚ್ಚು, ಇನ್ನೊಂದು ಕಡಿಮೆ ತಿರುಗಿಸಿದರೆ ಶಾಫ್ಟು ಓರೆಯಾಗಿ ಚೈನು ಒಂದೇ ಮಗ್ಗುಲಿಗೆ ತಿಕ್ಕುತ್ತದೆ. ಎರಡೂ ಬದಿ ಸಮ ಇರಬೇಕು ಎಂಬ ನಾಲ್ಕು ಪದವನ್ನು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು. ಚೈನು ಉದ್ದವಾಗುವುದು ರಬ್ಬರಿನಂತೆ ಹಿಗ್ಗಿ ಅಲ್ಲ, ಸವೆದು. ನೂರು ಕೊಂಡಿಯಲ್ಲಿ ಒಂದೊಂದು ಮಿಲಿಮೀಟರ್ ಸವೆದರೆ ಒಟ್ಟು 100 ಮಿಲಿಮೀಟರ್ ಉದ್ದ ಬಂತು, ಕೆಳಗಿನ ಶಾಫ್ಟು 50 ಮಿಲಿಮೀಟರ್ ಇಳಿಯಿತು. ಸ್ಕ್ರೂ ಕೊನೆ ಮುಟ್ಟಿದಾಗ ಕೊಂಡಿ ಕಿತ್ತು ಚೈನು ಗಿಡ್ಡ ಮಾಡುತ್ತಾರೆ. ಗಿಡ್ಡವಾಯಿತು, ಸರಿ. ಕೊಂಡಿಯಿಂದ ಕೊಂಡಿಗೆ ಬೆಳೆದ ದೂರ ಕಡಿಮೆಯಾಯಿತೇ? ಹೊಸ ಹಲ್ಲಿಗೆ ಹಳೇ ಚೈನು ಕೂರುತ್ತದೆಯೇ? ಟೇಪು ಹಿಡಿದು ಒಂದಷ್ಟು ಕೊಂಡಿ ಅಳೆದು, ಹೊಸ ಚೈನಿನ ಅಳತೆಗೆ ಹೋಲಿಸಿ, ತಯಾರಕರು ಹೇಳಿದ ಮಿತಿ ದಾಟಿದ್ದರೆ ಬದಲಾಯಿಸಬೇಕು. ಇದನ್ನು ಹೇಳುವ ಪುಸ್ತಕ ಇದೆ. ಮ್ಯಾನೇಜರನ ಬೀರುವಿನಲ್ಲಿದೆ, ಇಂಗ್ಲಿಷಿನಲ್ಲಿದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ಸ್ವಿಚ್ಚು ಆರಿಸಿದರೆ ಸಾಲದು. ಏರುವ ಬದಿಯ ಬಕೆಟ್ಟುಗಳಲ್ಲಿ ಮಾಲು ತುಂಬಿದ್ದರೆ ಆ ತೂಕವೆಲ್ಲ ಕೆಳಕ್ಕೆ ಜಗ್ಗುತ್ತಿರುತ್ತದೆ. ಹಿಮ್ಮುಖ ತಿರುಗದಂತೆ ಹಿಡಿಯುವ ಸಾಧನ ಮೇಲೆ ಇರುತ್ತದೆ. ಅದು ಕೈಕೊಟ್ಟರೆ ಮೋಟಾರಿಲ್ಲದೆಯೇ ಚೈನು ಹಿಂದಕ್ಕೆ ಓಡುತ್ತದೆ. ಗುಂಡಿಯಲ್ಲಿ ಕೈಯಿಟ್ಟವನ ಗತಿ? ಅದಕ್ಕೇ ಮೊದಲು ಮಾಲು ಖಾಲಿ ಮಾಡಬೇಕು, ಮೇನ್ ಸ್ವಿಚ್ಚಿಗೆ ಬೀಗ ಜಡಿಯಬೇಕು, ಚೈನನ್ನು ಕಟ್ಟಿ ಹಿಡಿಸಬೇಕು. ಬುಡದಲ್ಲಿ ಗಟ್ಟಿಯಾದ ಮಾಲನ್ನು ಕೆರೆದು ತೆಗೆಯಬೇಕು. ಅದು ಶಾಫ್ಟಿಗೆ ಅಡ್ಡ ಕೂತಿದ್ದರೆ ನೀವು ತಿರುಗಿಸುವ ಸ್ಕ್ರೂ ಎಲ್ಲ ಸುಳ್ಳು. ಆಮೇಲೆ ಸ್ಪ್ಯಾನರ್.

1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮು ಓಡುವ ಯಂತ್ರದ ಹೊಂದಾಣಿಕೆಗೆ ವಿಶೇಷ ತರಬೇತಿಯಾದ, ರಿಜಿಸ್ಟರಿನಲ್ಲಿ ಹೆಸರಿರುವ, ಮೈಗಂಟುವ ಬಟ್ಟೆ ತೊಟ್ಟ ವಯಸ್ಕನೇ ಬೇಕು ಎಂದಿತ್ತು. 108ನೇ ಕಲಮು ಕಾಯ್ದೆಯ ನೋಟಿಸುಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಎಂದಿತ್ತು. ಆಮೇಲೆ 2020ರ ಸಂಹಿತೆಯೂ ಬಂತು. ಮೆಷಿನ್ನಿನ ಮೇಲೆ ಕಂಪನಿ ಹೊಡೆದ ತಗಡು ನೋಟಿಸಲ್ಲ ಎಂದು ವಕೀಲರು ವಾದಿಸಬಹುದು. ವಾದಿಸಲಿ! ಬೆರಳು ಹೋದವನ ಮುಂದೆ ನಿಂತು ವಾದಿಸಲಿ!

ಅದೇ ಗುಂಡಿಗೆ ಬಿಹಾರದ ಹುಡುಗನೂ ಇಳಿಯುತ್ತಾನೆ, ಒಡಿಶಾದವನೂ ಇಳಿಯುತ್ತಾನೆ. ಅವರಿಗೆ ಅವರ ಭಾಷೆಯಲ್ಲಿ ಬರೆಯಿರಿ, ನಮಗೆ ಹೊಟ್ಟೆಕಿಚ್ಚಿಲ್ಲ. ನಮ್ಮವನನ್ನು ಬಿಟ್ಟು ಬರೆಯಬೇಡಿ ಎನ್ನುವುದಷ್ಟೇ ಮಾತು.

"ಕನ್ನಡದಲ್ಲಿ ಟೆಕ್ನಿಕಲ್ ಪದ ಎಲ್ಲಿದೆ ಸಾರ್?" ಈ ರಾಗ ಕೇಳಿ ಕೇಳಿ ಕಿವಿ ತೂತಾಗಿದೆ. ಚೈನಿಗೆ ಚೈನು ಎನ್ನಿ, ಬೋಲ್ಟಿಗೆ ಬೋಲ್ಟು ಎನ್ನಿ. ಬೀಗ, ಕೀಲಿ, ಸಡಿಲ, ಬಿಗಿ, ಸಮ, ನಿಲ್ಲಿಸು - ಇವಕ್ಕೆ ಯಾವ ನಿಘಂಟು ಬೇಕು? ಇನ್ನು ನಮ್ಮ ಪಂಡಿತರ ಕೈಗೆ ಕೊಟ್ಟರೆ "ಶೃಂಖಲಾ ತನ್ಯತಾ ಸಮಾಯೋಜನ" ಎಂದು ಬರೆದು ಕೂರುತ್ತಾರೆ. ಆ ಬೋರ್ಡಿಗಿಂತ ಇಂಗ್ಲಿಷೇ ವಾಸಿ.

ಐಟಿಐ, ಡಿಪ್ಲೊಮಾ, ಬಿ.ಇ. ಓದುತ್ತಿರುವ ಹುಡುಗರೇ, ನಾಳೆ ಆ ಪುಸ್ತಕ ಇರುವ ಬೀರುವಿನ ಕೀಲಿ ನಿಮ್ಮ ಕೈಗೆ ಬರುತ್ತದೆ. ಆವತ್ತು ಒಂದು ಡಬ್ಬಿ ಪೇಂಟು ತರಿಸಿ. ಆಫೀಸಿನ ಬಾಗಿಲಿಗಲ್ಲ, ಸ್ಕ್ರೂ ಪಕ್ಕದಲ್ಲಿ, ಸ್ಪ್ಯಾನರ್ ಹಿಡಿದವನ ಕಣ್ಣಿನ ಎತ್ತರಕ್ಕೆ, ಅಂಗೈಯಷ್ಟು ದಪ್ಪ ಅಕ್ಷರದಲ್ಲಿ ಬರೆಸಿ:

ಮಾಲು ಖಾಲಿ ಮಾಡು. ಮೇನ್ ಸ್ವಿಚ್ಚಿಗೆ ಬೀಗ ಹಾಕು, ಕೀಲಿ ನಿನ್ನ ಜೇಬಿನಲ್ಲೇ ಇರಲಿ. ಚೈನು ಕಟ್ಟು. ಬುಡ ಕೆರೆ. ಎರಡೂ ಸ್ಕ್ರೂ ಸಮ ತಿರುಗಿಸು. ಸಡಿಲ ಹೋದರೆ ಸಾಕು, ನಿಲ್ಲಿಸು. ಮುಚ್ಚಳ ಹಾಕಿ, ಎಲ್ಲರೂ ಹೊರಗೆ ಬಂದ ಮೇಲೆ ಖಾಲಿ ಓಡಿಸಿ ಸದ್ದು ಕೇಳು.