ಧಾರಣೆ ಇದ್ದಾಗಲೇ ಕಟ್ಟಬೇಕಾದ ಗಂಟು

ಬೆಳೆಗಾರ ಬಂಧುಗಳಲ್ಲಿ ಒಂದು ವಿಚಾರವನ್ನು ಮುಂದಿಡಬಯಸುತ್ತೇನೆ. ತೋಟವನ್ನು ನಾವು ಆಸ್ತಿ ಎನ್ನುತ್ತೇವೆ, ಮನೆತನದ ಮರ್ಯಾದೆ ಎನ್ನುತ್ತೇವೆ. ಅದೊಂದು ವ್ಯಾಪಾರವೆಂದು ಮಾತ್ರ ಒಪ್ಪುವುದಿಲ್ಲ. ಕೊಟ್ಟೂರು ಪೇಟೆಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟವನಿಗೆ ತನ್ನ ಬಂಡವಾಳ ಎಷ್ಟು, ಉದ್ರಿ ಎಷ್ಟು, ಸುಗ್ಗಿ ಕೈಕೊಟ್ಟರೆ ಎಷ್ಟು ತಿಂಗಳು ಬಾಗಿಲು ತೆರೆದಿಡಬಲ್ಲೆ ಎಂಬ ಲೆಕ್ಕ ಬಾಯಲ್ಲೇ ಇರುತ್ತದೆ. ಎರಡು ಎಕರೆ ಅಡಿಕೆ ಇರುವ ನಮ್ಮಲ್ಲಿ ಎಷ್ಟು ಜನಕ್ಕೆ ಒಂದು ಕ್ವಿಂಟಲ್ ಒಣ ಅಡಿಕೆಗೆ ಬಿದ್ದ ಖರ್ಚು ಗೊತ್ತು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಮೂಲತಃ ಅಡಿಕೆಯ ಸೀಮೆಗಳಲ್ಲ. ಜೋಳ, ಶೇಂಗಾ, ಹುಣಸೆ, ಕುರಿ, ಹಡಗಲಿಯಲ್ಲಿ ಮಲ್ಲಿಗೆ: ಇವುಗಳ ಮೇಲೆ ಬದುಕಿದ ನಾಡು ಇದು. ದಾವಣಗೆರೆ ಕಡೆಯ ತೋಟಗಳನ್ನೂ ಏರಿದ ಧಾರಣೆಯನ್ನೂ ಕಂಡು ನಮ್ಮವರೂ ಕೊಳವೆ ಬಾವಿ ಕೊರೆಸಿ ಸಸಿ ಇಟ್ಟರು. ಇಟ್ಟದ್ದು ತಪ್ಪೆನ್ನಲಾರೆ. ಆದರೆ ಇಡುವ ಮುನ್ನ ನೀರಿನ ಲೆಕ್ಕ ಹಾಕಿದವರು ಕಡಿಮೆ. ಎಕರೆಗೆ ಸುಮಾರು 550 ಗಿಡ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಫಲ ಕೊಡುವ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಎಕರೆಗೆ ದಿನಕ್ಕೆ 9ರಿಂದ 11 ಸಾವಿರ ಲೀಟರ್; 5,000 ಲೀಟರಿನ ಟ್ಯಾಂಕರ್ ಎರಡು. ತಿಂಗಳಿಗೆ 60 ಟ್ಯಾಂಕರ್. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿ, ಮರು ಬೇಸಿಗೆಯಲ್ಲಿ ದಾವಣಗೆರೆ, ಚಿತ್ರದುರ್ಗದ ಕಡೆ ತೋಟಗಳಿಗೆ ಟ್ಯಾಂಕರ್ ಹರಿದದ್ದನ್ನು ಎಲ್ಲರೂ ಕಂಡಿದ್ದೇವೆ. ಕೈಯಲ್ಲಿ ಕಾಸಿದ್ದವನು ಮರ ಉಳಿಸಿಕೊಂಡ. ಇಲ್ಲದವನು ಕೈಸಾಲ ಮಾಡಿದ, ಇಲ್ಲವೇ ಹೂವು ಕಟ್ಟುವ ಮೊದಲೇ ಖೇಣಿದಾರನಿಂದ ಮುಂಗಡ ಪಡೆದ.

ಈ ಖೇಣಿ ಮುಂಗಡದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಖೇಣಿದಾರನೂ ನಮ್ಮಂತೆ ವ್ಯಾಪಾರಿಯೇ, ಅವನನ್ನು ಹಳಿದು ಫಲವಿಲ್ಲ. ಆದರೆ ಯಾವ ತಿಂಗಳು ಮುಂಗಡ ಕೇಳುತ್ತೀರಿ ಎಂಬುದರ ಮೇಲೆ ಅವನು ದರ ಕಟ್ಟುತ್ತಾನೆ. ಕೊಯ್ಲಿಗೆ ಬಂದ ತೋಟ ತೋರಿಸಿ ಕೇಳುವವನ ಮಾತೇ ಬೇರೆ. ಏಪ್ರಿಲ್‌ನಲ್ಲಿ ಟ್ಯಾಂಕರಿನವನಿಗೆ ಬಾಕಿ ಕೊಡಬೇಕೆಂದು ಕೇಳುವವನ ಮಾತೇ ಬೇರೆ. ಸಣ್ಣ ತೋಟಗಾರನಿಗೆ ನಷ್ಟ ಬಹುಪಾಲು ಧಾರಣೆ ಬಿದ್ದಾಗ ಆಗುವುದಿಲ್ಲ, ಕಾಯಲು ಶಕ್ತಿ ಇಲ್ಲದ್ದರಿಂದ ಆಗುತ್ತದೆ. ಇದು ನನ್ನ ದೃಢವಾದ ಅಭಿಪ್ರಾಯ. ಸಂಘದ ಗೋದಾಮಿನಲ್ಲಿ ಅಡಿಕೆ ಇಟ್ಟು ಅಡಮಾನ ಸಾಲ ಪಡೆಯುವ ಅನುಕೂಲ ಇರುವುದೇ ಇದಕ್ಕಾಗಿ. ಆದರೆ ಅಡಮಾನಕ್ಕೆ ಒಣ ಅಡಿಕೆ ಬೇಕು. ಹಸಿಯಲ್ಲೇ ಮಾರಿಕೊಂಡವನಿಗೆ ಗೋದಾಮಿನ ಬಾಗಿಲು ಇದ್ದೂ ಇಲ್ಲದಂತೆ.

ಕಾಫಿ ನಮ್ಮ ಐದು ತಾಲ್ಲೂಕುಗಳಲ್ಲಿ ಬೆಳೆಯದಾದರೂ ಮಲೆನಾಡಿನ ಕಾಫಿ ಸದಸ್ಯರ ಅನುಭವ ನಮಗೆ ಪಾಠವಾಗಬಲ್ಲದು. 1989ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದು ಬೆಲೆ ಕುಸಿಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿತು. 1996ರ ಹೊತ್ತಿಗೆ ಕಾಫಿ ಮಂಡಳಿಯ ಪೂಲಿಂಗ್ ಪೂರ್ತಿ ಹೋಗಿ ಬೆಳೆಗಾರ ನೇರ ಪೇಟೆಗೆ ಬಂದ. ಆ ಒಳ್ಳೆಯ ವರ್ಷಗಳಲ್ಲಿ ಸಾಲ ಮಾಡಿ ತೋಟ ಕೊಂಡವರನ್ನು 2001ರ ಸುಮಾರಿನ ಮಹಾ ಕುಸಿತ ಹಿಡಿದು ಅಲ್ಲಾಡಿಸಿತು. ನೆರಳಿನ ಮರಕ್ಕೆ ಕಾಳುಮೆಣಸು ಹಬ್ಬಿಸಿದವರು, ಬೆಲೆ ಇದ್ದಾಗ ಸಾಲ ತೀರಿಸಿದವರು ಆ ಕಾಲವನ್ನು ದಾಟಿದರು. ಈಚೆಗೆ ಕಾಫಿಗೆ ಮತ್ತೆ ದಾಖಲೆ ಬೆಲೆ ಬಂದಾಗ ಹಳಬರು ಹಿಗ್ಗಿನ ಜೊತೆಗೆ ಎಚ್ಚರವನ್ನೂ ಆಡಿದ್ದು ಇದೇ ಕಾರಣಕ್ಕೆ.

ಅಡಿಕೆಗೂ ಇಂಥ ಇತಿಹಾಸವಿದೆ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ನೆಲಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. ಮುಂದೆ ಕೊಕ್ಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಆ ಸಂಸ್ಥೆ ಅದನ್ನೂ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. 2014ರಲ್ಲಿ ಗಗನಕ್ಕೇರಿದ ಅಡಿಕೆ ಧಾರಣೆ ಎರಡೇ ವರ್ಷದಲ್ಲಿ ಎಲ್ಲಿಗಿಳಿಯಿತೆಂದು ನಿಮಗೆ ನೆನಪಿಸಬೇಕಿಲ್ಲ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು, ಒಳ್ಳೆಯದೇ ಆಯಿತು. ಆದರೆ ಗುಟ್ಕಾ 2013ರಿಂದ ರಾಜ್ಯದಲ್ಲಿ ನಿಷೇಧದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಈ ಮಾತು ನಮಗೆ ರುಚಿಸದಿದ್ದರೂ, ಒಂದೇ ಬೆಳೆಯ ಮೇಲೆ ಸಂಸಾರ ಹೂಡುವ ಮುಂಚೆ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಹಾಗಾದರೆ ಮಾಡುವುದೇನು? ನಮ್ಮ ಹೊಳೆಯಾಚೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದರು. ಅಂದಿನಿಂದ ಸಹಕಾರ ರಂಗ ಕಲಿತ ಒಂದು ಶಿಸ್ತು ಕಾಯ್ದಿಟ್ಟ ನಿಧಿ. 1959ರ ನಮ್ಮ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಸಂಘವು ನಿವ್ವಳ ಲಾಭದಲ್ಲಿ ಕನಿಷ್ಠ ಶೇಕಡಾ 25ನ್ನು ಈ ನಿಧಿಗೆ ಹಾಕಲೇಬೇಕು. ಡಿವಿಡೆಂಡ್ ಕಡಿಮೆಯಾಯಿತೆಂದು ಮಹಾಸಭೆಯಲ್ಲಿ ಎಷ್ಟೇ ಗಲಾಟೆಯಾದರೂ ಆ ಭಾಗವನ್ನು ಮುಟ್ಟುವಂತಿಲ್ಲ. ಸಂಘಕ್ಕೆ ಇರುವ ಈ ಕಟ್ಟು ಸದಸ್ಯನ ಮನೆಗೆ ಏಕಿಲ್ಲ?

ಎರಡೆಕರೆಯವನಿಗೆ ಉಳಿಯುವುದೇ ಇಲ್ಲ, ಇಡುವುದೆಲ್ಲಿಂದ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಧಾರಣೆ ಬಿದ್ದ ವರ್ಷ ಯಾರಿಂದಲೂ ಆಗದು. ಧಾರಣೆ ಇದ್ದ ವರ್ಷ ಆಗುತ್ತದೆ, ಆದರೆ ಆ ವರ್ಷವೇ ಮನೆಗೆ ಕಾರು ಬರುತ್ತದೆ, ಮದುವೆಗೆ ಇನ್ನೆರಡು ಬಗೆ ಸಿಹಿ ಸೇರುತ್ತದೆ, ಮತ್ತೊಂದು ಬೋರು ಕೊರೆಯಲು ಲಾರಿ ಬಂದು ನಿಲ್ಲುತ್ತದೆ. (ಬೋರು ಕೊರೆಯುವವರ ವ್ಯಾಪಾರ ಮಾತ್ರ ಮಳೆ ಬಂದರೂ ಬಾರದಿದ್ದರೂ ಚೆನ್ನಾಗಿದೆ!) ಎರಡು ಬೇಸಿಗೆಯ ನೀರು, ಗೊಬ್ಬರ, ಆಳಿನ ಖರ್ಚಿನಷ್ಟು ಠೇವಣಿ ಕೂಡುವ ತನಕ ಹೊಸ ಗಿಡ ಇಡಬಾರದು ಎಂಬುದು ನನ್ನ ವಾದ. ಇರುವ ಹೊಲವನ್ನೆಲ್ಲ ಅಡಿಕೆಗೆ ತಿರುಗಿಸಲೂಬಾರದು. ಹಡಗಲಿಯ ಹತ್ತು ಗುಂಟೆ ಮಲ್ಲಿಗೆ ಹಂಗಾಮಿನಲ್ಲಿ ದಿನವೂ ಕಾಸು ತರುತ್ತದೆ; ಅಡಿಕೆ ಮೊದಲ ಫಸಲಿಗೇ ಐದಾರು ವರ್ಷ ಕಾಯಿಸುತ್ತದೆ.

ಬೆಳೆಸಾಲದ ವಿಷಯ ಒಂದೇ ಮಾತು. ಸಹಕಾರ ಸಂಘಗಳ ಮೂಲಕ 5 ಲಕ್ಷದವರೆಗೆ ಬಡ್ಡಿ ಇಲ್ಲದ ಅಲ್ಪಾವಧಿ ಸಾಲ ದೊರೆಯುವುದು ವಾಯಿದೆಯೊಳಗೆ ಕಟ್ಟಿದವರಿಗೆ. ಮನ್ನಾ ಆದೀತೆಂದು ಕಾದು ಕುಳಿತವರು ಈ ಸವಲತ್ತನ್ನೇ ಕಳೆದುಕೊಂಡು ಹೊರಗಿನ ಬಡ್ಡಿಗೆ ಬಿದ್ದದ್ದನ್ನು ಕಾರ್ಯದರ್ಶಿಯ ಕುರ್ಚಿಯಲ್ಲಿ ಕುಳಿತು ಪ್ರತಿ ವರ್ಷ ನೋಡುತ್ತಿದ್ದೇನೆ.

ಸದಸ್ಯರು ಒಪ್ಪಿದರೆ ಅಡಿಕೆ ಮಾರಾಟದ ಪಟ್ಟಿಯಲ್ಲೇ ಒಂದಿಷ್ಟು ಹಣವನ್ನು ಮುರಿದು ಅವರವರ ಹೆಸರಿನಲ್ಲೇ ಠೇವಣಿ ಇಡುವ ಸಲಹೆಯನ್ನು ಮುಂದಿನ ಮಹಾಸಭೆಗೆ ತರಲಿದ್ದೇನೆ. ಎಷ್ಟು ಮುರಿಯಬೇಕೆಂದು ಸದಸ್ಯನೇ ಬರೆದು ಕೊಡಬೇಕು, ಬಲವಂತವಿಲ್ಲ. ಮಾರ್ಚ್‌ನಿಂದ ಜೂನ್ ತನಕ ಮಾತ್ರ ಹಿಂಪಡೆಯಬಹುದು ಎಂಬ ಷರತ್ತು ಇರಲಿ ಎಂದು ನಾನೆನ್ನುತ್ತೇನೆ. ಆಡಳಿತ ಮಂಡಳಿಯ ಕೆಲವರಿಗೆ ಅದು ಒಪ್ಪಿಗೆ ಇಲ್ಲ. ಸದಸ್ಯರು ತಮ್ಮ ಅಭಿಪ್ರಾಯವನ್ನು ಸಭೆಗೆ ಮುಂಚೆ ಬರೆದು ತಿಳಿಸಿದರೆ ಚರ್ಚೆಗೆ ಅನುಕೂಲವಾಗುತ್ತದೆ. ಬರುವಾಗ ಕಳೆದ ಮೂರು ವರ್ಷದ ಮಾರಾಟದ ಚೀಟಿಗಳನ್ನೂ ತಂದರೆ ಕ್ವಿಂಟಲಿಗೆ ಬಿದ್ದ ಖರ್ಚನ್ನು ಕಚೇರಿಯಲ್ಲೇ ಕುಳಿತು ತೆಗೆಯೋಣ.